ಸೆರಗನ್ನು ಮಗುಚಿ ನೋಡೋಣ

(ಧಾರವಾಡದಲ್ಲಿ ಕೈಕೆಲಸ ಮತ್ತು ಹವ್ಯಾಸಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ದಿನನಿತ್ಯದ ಬದುಕಿನಲ್ಲಿ ಕೈಕೆಲಸ, ಹೊಸ ಹವ್ಯಾಸ ಅನ್ನುವ ವಿಷಯ ಕೊಟ್ಟು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಇದರೊಳಗೆ ಏನೆಲ್ಲ ಬರುತ್ತದೆ ನೋಡಿ. ಕ್ರೋಶಾ, ಉಲ್ಲನ್ ಹೆಣಿಕೆ, ವೈರ್ ಬುಟ್ಟಿ, ಮಣಿ ತೋರಣ, ಮಣ್ಣಿನ ಕೆಲಸ, ಕಾಗದದ ಕೆಲಸ, ಹಸೆ ಚಿತ್ತಾರ, ಕೌದಿ. ಎಲ್ಲದರ ಬಗ್ಗೆ ಎರಡೆರಡು ಮಾತು ಹೇಳಿ ಮುಗಿಸಿದರೆ ನಿಮ್ಮಲ್ಲಿ ಯಾರೂ ಮನೆಗೆ ಹೋಗಿ ಸೂಜಿ ಹಿಡಿಯುವುದಿಲ್ಲ. ಅದಕ್ಕೆ ನಾನು ಕಸೂತಿಯೊಂದನ್ನೇ ಹಿಡಿದು ಮಾತಾಡುತ್ತೇನೆ. ಧಾರವಾಡದಲ್ಲಿ ಕುಳಿತು ಕಸೂತಿ ಬಿಟ್ಟು ಬೇರೆ ಮಾತಾಡುವುದು ನನ್ನಿಂದ ಆಗುವುದೂ ಇಲ್ಲ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹವ್ಯಾಸದಿಂದ ಮನಸ್ಸಿಗೆ ನೆಮ್ಮದಿ ಸಿಗುತ್ತದೆ, ಮೊಬೈಲಿನಿಂದ ಬಿಡುವು ಸಿಗುತ್ತದೆ, ಇದೆಲ್ಲ ನಿಜವೇ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಒಂದು ಕೈಕೆಲಸವನ್ನು ಸ್ವಲ್ಪವಾದರೂ ತಾವೇ ಮಾಡಿ ನೋಡಿದವರಿಗೆ, ಅದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವರ ಶ್ರಮ ಕಣ್ಣಿಗೆ ಕಾಣತೊಡಗುತ್ತದೆ. ಅಂಗಡಿಯಲ್ಲಿ ಸೀರೆ ಕೈಗೆತ್ತಿಕೊಂಡಾಗ ಅವರು ಕೇಳುವ ಪ್ರಶ್ನೆಗಳೇ ಬದಲಾಗುತ್ತವೆ. ಈ ಮಾತು ಹೇಗೆ ನಿಜ ಎಂದು ತೋರಿಸಬೇಕಾದರೆ ಮೊದಲು ಹೊಲಿಗೆ ಹೇಗೆ ಹಾಕುತ್ತಾರೆ ಅನ್ನುವುದರಿಂದ ಶುರು ಮಾಡಬೇಕು.

ಸಾಮಾನು ಬಹಳ ಬೇಕಿಲ್ಲ. ಈಗ ಆನ್‌ಲೈನಿನಲ್ಲಿ ಹವ್ಯಾಸದ ಕಿಟ್‌ಗಳು ಸಿಗುತ್ತವೆ. ಡಬ್ಬಿ, ರಿಂಗು, ನಲವತ್ತು ಬಣ್ಣದ ದಾರ, ಅಚ್ಚು ಹಾಕಿದ ಬಟ್ಟೆ ಎಲ್ಲ ಬರುತ್ತದೆ. ಅಷ್ಟು ದುಡ್ಡು ಹಾಕಿ ತರಿಸಿದ ಮೇಲೆ, ಇದನ್ನು ಚೆನ್ನಾಗಿ ಮಾಡದಿದ್ದರೆ ಹೇಗೆ ಎಂಬ ಹೆದರಿಕೆಗೇ ಎಷ್ಟೋ ಡಬ್ಬಿಗಳು ಕಪಾಟಿನಲ್ಲಿ ಉಳಿಯುತ್ತವೆ. ಕಸೂತಿಗೆ ಬೇಕಾದದ್ದು ಅರ್ಧ ಮೀಟರ್ ಮ್ಯಾಟಿ ಬಟ್ಟೆ, ಮೊಂಡು ತುದಿಯ ಒಂದು ಸೂಜಿ, ಎರಡು ಬಣ್ಣದ ದಾರದ ಲಡಿ, ಒಂದು ಕತ್ತರಿ. ರಿಂಗು ಬೇಡ, ಬಟ್ಟೆಯನ್ನು ಕೈಯಲ್ಲೇ ಹಿಡಿದು ಹೊಲಿಯಬಹುದು. ಮ್ಯಾಟಿ ಬಟ್ಟೆ ಏಕೆಂದರೆ ಅದರ ನೇಯ್ಗೆಯಲ್ಲಿ ಉದ್ದ ಎಳೆ, ಅಡ್ಡ ಎಳೆ ಜೋಡಿಯಾಗಿ ಕೂಡಿ ಸಣ್ಣ ಸಣ್ಣ ಚೌಕಗಳಾಗಿ ಕಾಣುತ್ತವೆ, ಎಣಿಸುವುದು ಸುಲಭ. ದಾರದ ಲಡಿಯಲ್ಲಿ ಆರು ಎಳೆ ಒಟ್ಟಿಗೆ ಇರುತ್ತವೆ. ಮೊಳಕೈ ಉದ್ದಕ್ಕೆ ಕತ್ತರಿಸಿ, ಅದರಿಂದ ಎರಡು ಎಳೆ ಮಾತ್ರ ಬಿಡಿಸಿಕೊಂಡು ಸೂಜಿಗೆ ಪೋಣಿಸಿ. ಉದ್ದ ದಾರ ತೆಗೆದುಕೊಂಡರೆ ಮತ್ತೆ ಮತ್ತೆ ಪೋಣಿಸುವುದು ತಪ್ಪುತ್ತದೆ ಎಂದು ಅನಿಸುತ್ತದೆ. ಆದರೆ ಅದು ಸಿಕ್ಕಾಗುತ್ತದೆ, ಬಟ್ಟೆಯೊಳಗೆ ಹಾದು ಹಾದು ನವೆದು ಹೊಳಪೂ ಹೋಗುತ್ತದೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯಲ್ಲಿ ಗೆರೆಗಳು ಬರುತ್ತವೆ, ಗೋಪುರ, ಚೌಕ, ಕಮಲದ ಎಸಳು ಎಲ್ಲ ಇದರಿಂದಲೇ. ಮುರಗಿ ಅದೇ ಜಾತಿಯದು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇಳಿಯುತ್ತದೆ. ನೇಗಿ ಹಾಕಿದರೆ ಚಿತ್ರ ಬಟ್ಟೆಯ ಜೊತೆಗೇ ಮಗ್ಗದಲ್ಲಿ ನೇಯ್ದು ಬಂದಂತೆ ಕಾಣುತ್ತದೆ. ಮೆಂತೆ ಅಡ್ಡಡ್ಡ ಕತ್ತರಿ ಹೊಲಿಗೆ, ಕಾಳು ಕಾಳಾಗಿ ಕೂತು ಚಿತ್ರದ ಒಳಗನ್ನು ತುಂಬುತ್ತದೆ. ನಾಲ್ಕಕ್ಕೂ ಎರಡು ನಿಯಮ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಮತ್ತೆ ದಾರಕ್ಕೆ ಗಂಟು ಹಾಕುವ ಹಾಗಿಲ್ಲ, ತುದಿಯನ್ನು ಒಂದೆರಡು ಅಂಗುಲ ಬಿಟ್ಟು ಕೊನೆಗೆ ಹೊಲಿಗೆಗಳ ಅಡಿಯಲ್ಲಿ ತೂರಿಸಿ ಅಡಗಿಸಬೇಕು.

ನನಗೆ ಇದನ್ನು ಕಲಿಸಿದವರು ನಮ್ಮ ಓಣಿಯ ಒಬ್ಬ ಮಾವಶಿ, ಚಿಕ್ಕಮ್ಮನಂಥವರು. ಶಾಲೆಗೆ ಹೆಚ್ಚು ಹೋದವರಲ್ಲ. "ಎಳಿ ಎಣಸ್ಕೋತ ಹೋಗವಾ, ಚಿತ್ರ ತಾನ ಬರತದ" ಅನ್ನುತ್ತಿದ್ದರು. ಅವರು ಮೊದಲು ಕಲಿಸಿದ್ದು ಒಂದು ಚೌಕ. ನಾಲ್ಕೇ ಹೊಲಿಗೆಯ ಚೌಕ. ಅದನ್ನೇ ಈಗ ನಿಮಗೆ ಹೇಳುತ್ತೇನೆ. ಮುಂದಿನ ಸಾಲುಗಳವರಿಗೆ ಬಟ್ಟೆ ಕೊಟ್ಟಿದ್ದೇವೆ, ಮಾಡುತ್ತ ಕೇಳಿ.

ಒಂದು ಮೂಲೆಯಲ್ಲಿ ಸೂಜಿಯನ್ನು ಕೆಳಗಿನಿಂದ ಮೇಲೆ ತನ್ನಿ. ನಾಲ್ಕು ಎಳೆ ಬಲಕ್ಕೆ ಎಣಿಸಿ ಸೂಜಿ ಕೆಳಗಿಳಿಸಿ. ಮೊದಲ ಬದಿ ಬಟ್ಟೆಯ ಮೇಲೆ ಕಾಣಿಸಿತು. ಈಗ ಅಡಿಯಿಂದಲೇ ನಾಲ್ಕು ಎಳೆ ಕೆಳಕ್ಕೆ ಹೋಗಿ ಮೇಲೆ ಬನ್ನಿ. ಎರಡನೆಯ ಬದಿ ಹಿಂದುಗಡೆ ಬಿತ್ತು, ನಿಮಗೆ ಕಾಣುವುದಿಲ್ಲ. ಮೂರನೆಯದು ಎಡಕ್ಕೆ, ಮೇಲೆ. ನಾಲ್ಕನೆಯದು ಅಡಿಯಿಂದ, ಹೊರಟ ಮೂಲೆಗೆ. ಈಗ ಮೇಲೆ ಎರಡು ಬದಿ ಇವೆ, ಎರಡು ಖಾಲಿ. ಖಾಲಿ ಬಿಟ್ಟದ್ದನ್ನು ತುಂಬಲು ಇನ್ನೊಂದು ಸುತ್ತು ಬರಬೇಕು.

ಇಲ್ಲಿ ಹೆಚ್ಚಿನವರು ಮತ್ತೆ ಅದೇ ದಿಕ್ಕಿನಲ್ಲಿ ಸುತ್ತು ಹೊರಡುತ್ತಾರೆ. ಹಾಗೆ ಹೊರಟರೆ ಏನಾಗುತ್ತದೆ? ಸೂಜಿ ಮೇಲಿದೆ, ಮುಂದಿನ ಹೊಲಿಗೆ ಮೇಲೆಯೇ ಬೀಳಬೇಕು, ಆದರೆ ಮೊದಲ ಬದಿಯಲ್ಲಿ ಮೇಲೆ ಆಗಲೇ ದಾರ ಇದೆ. ದಾರದ ಮೇಲೆ ದಾರ ಬೀಳುತ್ತದೆ, ಖಾಲಿ ಇದ್ದದ್ದು ಖಾಲಿಯೇ ಉಳಿಯುತ್ತದೆ. ಎಷ್ಟು ಸಲ ಸುತ್ತಿದರೂ ಅಷ್ಟೇ. ಹಾಗಾಗಿ ಹೊರಟ ಮೂಲೆಗೆ ಬಂದೊಡನೆ ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ನಾಲ್ಕನೆಯ ಬದಿ ಈಗ ಮೇಲೆ, ಮೂರನೆಯದು ಅಡಿಗೆ, ಎರಡನೆಯದು ಮೇಲೆ, ಮೊದಲನೆಯದು ಅಡಿಗೆ. ಹೊರಟ ಮೂಲೆಗೇ ಬಂದಿರಿ. ಈಗ ಬಟ್ಟೆಯನ್ನು ಮಗುಚಿ ನೋಡಿ. ಹಿಂದುಗಡೆಯೂ ಅದೇ ಚೌಕ, ಅಷ್ಟೇ ಅಚ್ಚುಕಟ್ಟಾಗಿ.

ನೋಡಿ, ಎರಡನೇ ಸಾಲಿನ ತಂಗಿ ನಗುತ್ತಿದ್ದಾಳೆ, ಅವಳದು ಕೂಡಿತು.

ಇಷ್ಟು ಬಂದರೆ ಗವಂತಿಯ ಮರ್ಮ ತಿಳಿದಂತೆ. ದೊಡ್ಡ ತೇರಿನ ಚಿತ್ರವಾದರೂ ಇದೇ. ದಾರಿಯಲ್ಲಿ ಒಂದು ಕವಲು ಬಂದರೆ, ಆ ಕವಲಿನ ತುದಿಯವರೆಗೆ ಹೋಗಿ ತಿರುಗಿ ಬಂದು ಮುಖ್ಯ ದಾರಿ ಹಿಡಿಯುವುದು. ಹೋಗುವಾಗ ಎಷ್ಟು ಹೊಲಿಗೆಯೋ ಬರುವಾಗಲೂ ಅಷ್ಟೇ, ಒಟ್ಟು ಯಾವಾಗಲೂ ಸರಿಸಂಖ್ಯೆ. ಹಾಗಾಗಿ ಕವಲಿಗೆ ಮರಳಿದಾಗ ಸೂಜಿ ಮೊದಲು ಬಟ್ಟೆಯ ಯಾವ ಬದಿಯಲ್ಲಿತ್ತೋ ಅದೇ ಬದಿಯಲ್ಲಿರುತ್ತದೆ, ಮುಂದಿನ ಲೆಕ್ಕ ಕೆಡುವುದಿಲ್ಲ. ಹೀಗೆ ಗೆರೆಗಳು ಒಂದಕ್ಕೊಂದು ಕೂಡಿದ ಯಾವ ಚಿತ್ರವನ್ನಾದರೂ, ಎಷ್ಟೇ ದೊಡ್ಡದಿರಲಿ, ದಾರ ಹಾರಿಸದೆ ಮುಗಿಸಿ ಹೊರಟಲ್ಲಿಗೆ ಬರಬಹುದು. ಇದು ಗಣಿತದಲ್ಲಿ ಸಾಧಿಸಿ ತೋರಿಸಬಹುದಾದ ಮಾತು. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದನ್ನು ಒಂದೇ ಸಲ ದಾಟಿ ಬರಲು ಸಾಧ್ಯವೇ ಎಂಬ ಪ್ರಶ್ನೆಗೆ ಗಣಿತಜ್ಞ ಆಯ್ಲರ್ 1736ರಲ್ಲಿ ಸಾಧ್ಯವಿಲ್ಲ ಎಂದು ಉತ್ತರ ಕೊಟ್ಟರು. ಪ್ರತಿ ತಾಣಕ್ಕೂ ಬೆಸಸಂಖ್ಯೆಯ ಸೇತುವೆಗಳಿದ್ದದ್ದೇ ಅದಕ್ಕೆ ಕಾರಣ. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ಎರಡು ಸಲ ನಡೆಯುತ್ತೇವೆ, ಹಾಗಾಗಿ ಪ್ರತಿ ಮೂಲೆಯಲ್ಲೂ ಲೆಕ್ಕ ಸರಿಸಂಖ್ಯೆಗೇ ಬರುತ್ತದೆ. ಹಿಂದಿನ ಸಾಲಿನ ಕಾಲೇಜಿನ ಮಕ್ಕಳು ಇದನ್ನು ಮನೆಯಲ್ಲಿ ಕಾಗದದ ಮೇಲೆ ಗೆರೆ ಎಳೆದು ನೋಡಿ. ಮಾವಶಿ ಆಯ್ಲರನ ಹೆಸರು ಕೇಳಿದವರಲ್ಲ, ಆದರೆ ತೇರಿನ ಯಾವ ಕವಲಿಗೆ ಮೊದಲು ಹೋಗಬೇಕು, ಯಾವುದನ್ನು ಬರುವಾಗ ಮುಗಿಸಬೇಕು ಎಂದು ಬಟ್ಟೆ ನೋಡಿದೊಡನೆ ಹೇಳುತ್ತಿದ್ದರು.

ಈ ಹೊಲಿಗೆ ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಯುರೋಪಿನಲ್ಲಿ ಇದನ್ನು ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಹಾನ್ಸ್ ಹೋಲ್ಬೈನ್ 16ನೇ ಶತಮಾನದ ಚಿತ್ರಕಾರ, ಇಂಗ್ಲೆಂಡಿನ ಅರಮನೆಯವರ ಚಿತ್ರಗಳನ್ನು ಬರೆದವರು. ರಾಣಿ ಜೇನ್ ಸೀಮೋರ್‌ಳ ಚಿತ್ರದಲ್ಲಿ ತೋಳಿನ ಅಂಚಿನ ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದ ಈ ಕೆಲಸವನ್ನು ಅವರು ಎಷ್ಟು ಸೂಕ್ಷ್ಮವಾಗಿ ಬರೆದಿದ್ದಾರೆಂದರೆ, ಹೊಲಿಗೆಗೆ ಅವರ ಹೆಸರೇ ನಿಂತಿತು. ತೋಳಿನ ಅಂಚಿಗೆ, ಕೊರಳಪಟ್ಟಿಗೆ ಇದೇ ಹೊಲಿಗೆ ಏಕೆ? ಆ ಜಾಗ ಮಡಚಿಕೊಳ್ಳುತ್ತದೆ, ಒಳಬದಿಯೂ ಹೊರಗೆ ಕಾಣುತ್ತದೆ. ನಮ್ಮ ಸೆರಗೂ ಹಾಗೇ. ಹೆಗಲ ಮೇಲಿಂದ ಇಳಿಬಿದ್ದು ಗಾಳಿಗೆ ಹಾರುವಾಗ, ತಲೆ ಮೇಲೆ ಹೊದ್ದುಕೊಂಡಾಗ ಎರಡೂ ಬದಿ ಕಾಣುತ್ತದೆ. ದೂರದೂರದ ಎರಡು ನಾಡಿನ ಜನ ಒಂದೇ ಅಗತ್ಯಕ್ಕೆ ಒಂದೇ ಉತ್ತರ ಕಂಡುಕೊಂಡಿದ್ದಾರೆ ಎಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ಕಸೂತಿ ಯಾವುದರ ಮೇಲೆ ಕೂತಿತ್ತು ಎಂಬುದನ್ನೂ ಹೇಳಬೇಕು. ಇಳಕಲ್ ಸೀರೆ ಗೊತ್ತಲ್ಲ, ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿ ನೇಯುವ ಸೀರೆ, ಟೋಪ ತೆನೆ ಎಂಬ ವಿನ್ಯಾಸದ ಕೆಂಪು ಸೆರಗು. ಆ ಸೆರಗಿನ ಹತ್ತಿರ ಮೈಮೇಲೆ ತೇರು, ಗೋಪುರ, ಆನೆ ಅಂಬಾರಿ, ತುಳಸಿಕಟ್ಟೆ, ನವಿಲು, ಗಿಳಿ, ತೊಟ್ಟಿಲು, ಪಲ್ಲಕ್ಕಿ. ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ. ಕೂಸಿನ ಕುಂಚಿಗೆ, ಕುಲಾಯಿಗೂ ಹಾಕುತ್ತಿದ್ದರು, ಖಣದ ಕುಪ್ಪಸಕ್ಕೂ ಹಾಕುತ್ತಿದ್ದರು. ಗಮನಿಸಿ, ಗೋಡೆಗೆ ತೂಗುಹಾಕುವ ಚಿತ್ರ ಇದರಲ್ಲಿ ಒಂದೂ ಇಲ್ಲ. ಎಲ್ಲವೂ ಉಡುವುದು, ತೊಡುವುದು, ಕೂಸಿಗೆ ಹೊದಿಸುವುದು. ಸುತ್ತ ಕಂಡದ್ದನ್ನೇ ಬಟ್ಟೆಗೆ ತಂದರು. ಅಂಗಳದಲ್ಲಿ ತುಳಸಿಕಟ್ಟೆ ಇತ್ತು, ಜಾತ್ರೆಯಲ್ಲಿ ತೇರು ಇತ್ತು, ಹತ್ತಿರದ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರಿದ್ದರು.

ಅದಕ್ಕೇ ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು, ಮೊದಲ ಕೆಲಸವನ್ನು ಬಳಸುವ ವಸ್ತುವಿನ ಮೇಲೇ ಮಾಡಿ. ಕರವಸ್ತ್ರದ ಒಂದು ಮೂಲೆ. ಊಟದ ಡಬ್ಬಿ ಸುತ್ತುವ ಬಟ್ಟೆ. ಮಗನ ಹಳೆಯ ಅಂಗಿಯ ಜೇಬು. ಫ್ರೇಮ್ ಹಾಕಿಸಬೇಕು ಎಂದುಕೊಂಡು ಶುರು ಮಾಡಿದರೆ ಮೊದಲ ಹೊಲಿಗೆಯಿಂದಲೇ ಕೈ ಬಿಗಿಯಾಗುತ್ತದೆ. ಡಬ್ಬಿಯ ಬಟ್ಟೆ ವಾರಕ್ಕೆ ನಾಲ್ಕು ಸಲ ಒಗೆತ ಕಾಣುತ್ತದೆ, ಆಗ ನಿಮ್ಮ ಹೊಲಿಗೆಯಲ್ಲಿ ಯಾವುದು ಸಡಿಲ, ಯಾವುದು ಬಿಗಿ, ಯಾವ ತುದಿ ಸರಿಯಾಗಿ ಅಡಗಲಿಲ್ಲ ಎಂಬುದು ತಾನೇ ಹೊರಬೀಳುತ್ತದೆ. ದಾರದ ಬಣ್ಣ ಬಿಡುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ.

ಬಿಚ್ಚುವುದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು. ಎಣಿಸಿ ಹಾಕುವ ಕೆಲಸದಲ್ಲಿ ಒಂದು ಅನುಕೂಲ ಇದೆ, ತಪ್ಪು ಬಚ್ಚಿಟ್ಟುಕೊಂಡು ಕೂರುವುದಿಲ್ಲ. ಎಲ್ಲೋ ನಾಲ್ಕರ ಬದಲು ಐದು ಎಳೆ ಎಣಿಸಿದ್ದರೆ ಸುತ್ತು ಬಂದು ಕೂಡುವಲ್ಲಿ ಗೆರೆಗೆ ಗೆರೆ ಸೇರುವುದಿಲ್ಲ. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೋದರೆ ಜಾಗ ಸಿಕ್ಕಿಬಿಡುತ್ತದೆ. ಮ್ಯಾಟಿ ಬಟ್ಟೆಯಲ್ಲಿ ದಾರ ಬಿಚ್ಚಿದರೆ ಗುರುತೂ ಉಳಿಯುವುದಿಲ್ಲ. ಇಷ್ಟು ಧಾರಾಳವಾಗಿ ತಿದ್ದಿಕೊಳ್ಳಲು ಬಿಡುವ ಕೈಕೆಲಸಗಳು ಕಡಿಮೆ. ಮರದ ಕೆಲಸದಲ್ಲಿ ಒಮ್ಮೆ ಉಳಿ ಆಳಕ್ಕೆ ಹೋದರೆ ಹೋಯಿತು. ಹೊಸಬರಿಗೆ ಕಸೂತಿಯನ್ನು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಸಮಯ. ಎಲ್ಲರೂ ಕೇಳುವುದು ಇದನ್ನೇ. ನನ್ನ ಅನುಭವದಲ್ಲಿ ಭಾನುವಾರಕ್ಕೆಂದು ಕಾದಿಟ್ಟ ಹವ್ಯಾಸ ಭಾನುವಾರವೂ ಆಗುವುದಿಲ್ಲ, ಅವತ್ತು ನೆಂಟರು ಬರುತ್ತಾರೆ, ಗಿರಣಿಗೆ ಹೋಗಬೇಕಾಗುತ್ತದೆ. ಕುಕ್ಕರ್ ಸೀಟಿ ಹೊಡೆಯುವ ಹೊತ್ತಿನಲ್ಲಿ, ಮಗುವಿನ ಟ್ಯೂಷನ್ ಬಿಡುವವರೆಗೆ ಹೊರಗೆ ಕೂತಾಗ, ಬಸ್ಸಿಗೆ ಕಾಯುವಾಗ ಹೊಲಿದದ್ದೇ ಹೆಚ್ಚು. ಬಟ್ಟೆ, ಸೂಜಿ, ದಾರ ಒಂದು ಸಣ್ಣ ಚೀಲದಲ್ಲಿ ಇರಬೇಕು, ಚೀಲ ಕೈಗೆ ಸಿಗುವ ಹಾಗೆ ಇರಬೇಕು. ಚಿತ್ರದ ಮಧ್ಯದಲ್ಲಿ ನಿಲ್ಲಿಸುವಾಗ ಹೋಗುವ ದಾರಿಯಲ್ಲಿದ್ದೀರೋ ಬರುವ ದಾರಿಯಲ್ಲಿದ್ದೀರೋ ಎಂದು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು ಸೂಜಿ ಚುಚ್ಚಿಡಿ, ಅಷ್ಟು ಸಾಕು.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ನೀವು ಚೌಕ ಕಲಿತಿರಿ, ಸಣ್ಣ ಗೋಪುರ ಹಾಕಿದಿರಿ, ಒಂದು ತೇರು ಮುಗಿಸಿದಿರಿ ಎನ್ನೋಣ. ಮುಂದೆ ಯಾವುದೋ ಅಂಗಡಿಗೆ ಹೋಗುತ್ತೀರಿ. ಕಸೂತಿ ಸೀರೆ ಎಂದು ನಾಲ್ಕು ಸೀರೆ ಹರವುತ್ತಾರೆ. ಒಂದು ಅಚ್ಚು ಹಾಕಿದ್ದು, ಅದು ಮುಟ್ಟಿದರೇ ತಿಳಿಯುತ್ತದೆ. ಇನ್ನೆರಡು ಯಂತ್ರದಲ್ಲಿ ಹೊಲಿದದ್ದು. ಒಂದು ಕೈಯದು. ಮೊದಲಾಗಿದ್ದರೆ ನೀವು ಬಣ್ಣ ನೋಡುತ್ತಿದ್ದಿರಿ, ಬೆಲೆಯ ಚೀಟಿ ನೋಡುತ್ತಿದ್ದಿರಿ. ಈಗ ನಿಮ್ಮ ಕೈ ತಾನಾಗಿಯೇ ಸೆರಗನ್ನು ಮಗುಚುತ್ತದೆ. ಯಂತ್ರದ ಹೊಲಿಗೆಗೆ ಮೇಲೊಂದು ದಾರ, ಅಡಿಯಲ್ಲಿ ಬಾಬಿನ್ನಿನದು ಇನ್ನೊಂದು ದಾರ. ಎಷ್ಟೋ ಸಲ ಹಿಂದುಗಡೆ ಬಣ್ಣವೇ ಬೇರೆ ಇರುತ್ತದೆ, ಒಂದು ಹೂವಿನಿಂದ ಇನ್ನೊಂದಕ್ಕೆ ದಾರ ಜಿಗಿದಿರುತ್ತದೆ, ಅಂಟಿಸಿದ ಕಾಗದದಂಥ ಪದರವೂ ಉಳಿದಿರಬಹುದು. ಕೈಯ ಗವಂತಿ, ಮುರಗಿಯಾದರೆ ಹಿಂದೆ ಮುಂದೆ ಒಂದೇ. ಆದರೆ ನೇಗಿ, ಮೆಂತೆಯಲ್ಲಿ ಹಿಂಬದಿ ಮುಂಬದಿಯಂತೆ ಇರುವುದಿಲ್ಲ, ಅದನ್ನು ನೋಡಿ ಇದು ಸುಳ್ಳು ಎಂದು ಹೇಳಿಬಿಡಬೇಡಿ. ಈ ವ್ಯತ್ಯಾಸವೂ ತಾವು ಹೊಲಿದವರಿಗೇ ಗೊತ್ತಾಗುವುದು. ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಆ ಹೆಸರನ್ನು ಕಾಯುವ ಕಾನೂನೂ ಇದೆ. ಆದರೆ ಅಂಗಡಿಯ ಗಲ್ಲೆಯ ಮುಂದೆ ಕಾನೂನು ಬಂದು ನಿಲ್ಲುವುದಿಲ್ಲ, ಅಲ್ಲಿ ನಿಂತಿರುವುದು ಕೊಳ್ಳುವವರ ಕಣ್ಣು.

ಯಂತ್ರದ ಸೀರೆ ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಅದಕ್ಕೂ ಗಿರಾಕಿ ಇದ್ದಾರೆ, ಅದರ ಬೆಲೆಯೂ ಎಟುಕುವಂಥದ್ದು. ಆದರೆ ಯಂತ್ರದ್ದನ್ನು ಕೈಯದೆಂದು ಮಾರುವುದು, ಕೈಯದಕ್ಕೆ ಯಂತ್ರದ ಬೆಲೆ ಕೇಳುವುದು, ಇವೆರಡೂ ಅನ್ಯಾಯ. ಎರಡನೆಯದನ್ನು ಮಾಡುವವರು ನಾವೇ, ಕೊಳ್ಳುವವರು.

ಒಂದು ಲೆಕ್ಕ ಮಾಡೋಣ. ಅಂಗೈ ಅಗಲದ ತೇರಿಗೆ ನಿಮಗೆ ನಾಲ್ಕು ತಾಸು ಹಿಡಿಯಿತು ಎನ್ನಿ. ನುರಿತ ಕೈಗೆ ಒಂದೂವರೆ ತಾಸು ಸಾಕು ಎಂದೇ ಇಟ್ಟುಕೊಳ್ಳೋಣ. ಸೆರಗಿನ ಉದ್ದಕ್ಕೆ ಅಂಥ 10 ತೇರು ಇದ್ದರೆ 15 ತಾಸು. ಅವುಗಳ ನಡುವೆ ಮುರಗಿಯ ಪಟ್ಟಿ, ಮೇಲೆ ಗೋಪುರದ ಸಾಲು, ಮೈತುಂಬ ಸಣ್ಣ ಬುಟ್ಟಾಗಳು. ಇದು ಇನ್ನೂ ಎಳೆ ಕಾಣುವ ಬಟ್ಟೆಯ ಲೆಕ್ಕ. ರೇಷ್ಮೆ ಸೀರೆಯಲ್ಲಿ ಎಳೆ ಎಣಿಸಲು ಆಗುವುದಿಲ್ಲ, ಸೀರೆಯ ಮೇಲೆ ಕ್ಯಾನ್ವಾಸಿನ ಜಾಳಿಗೆಯ ತುಂಡನ್ನು ಟಾಕು ಹಾಕಿ, ಅದರ ಎಳೆ ಎಣಿಸಿ ಎರಡೂ ಸೇರಿಸಿ ಹೊಲಿದು, ಮುಗಿದ ಮೇಲೆ ಕ್ಯಾನ್ವಾಸಿನ ಒಂದೊಂದೇ ಎಳೆಯನ್ನು ಹೊಲಿಗೆಯ ಅಡಿಯಿಂದ ಎಳೆದು ತೆಗೆಯಬೇಕು. ಮೈತುಂಬ ಕೆಲಸದ ಸೀರೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರೆ ಈಗ ನಿಮಗೆ ಆಶ್ಚರ್ಯ ಆಗುವುದಿಲ್ಲ. ಈ ತಾಸುಗಳನ್ನು ಕೂಡಿಸಿ, ದಿನಗಳ ಲೆಕ್ಕಕ್ಕೆ ತಂದು, ನಿಮ್ಮ ಮನೆಗೆ ಗಾರೆ ಕೆಲಸಕ್ಕೆ ಬರುವವರಿಗೆ ಕೊಡುವ ದಿನಗೂಲಿಯಿಂದ ಗುಣಿಸಿ. ಆಮೇಲೆ ಬೆಲೆಯ ಚೀಟಿ ನೋಡಿ. ಎಷ್ಟೋ ಸಲ ಚೀಟಿಯಲ್ಲಿರುವುದು ಆ ಲೆಕ್ಕಕ್ಕಿಂತ ಕಡಿಮೆಯೇ ಇರುತ್ತದೆ. ಆ ಕಡಿಮೆಯಾದ ಭಾಗವನ್ನು ಯಾರೋ ಒಬ್ಬ ಹೆಣ್ಣುಮಗಳು ತನ್ನ ಕಣ್ಣಿನಿಂದ, ಬೆನ್ನಿನಿಂದ ತುಂಬಿಕೊಟ್ಟಿದ್ದಾಳೆ. ಇದು ನನ್ನನ್ನು ಕಾಡುವ ವಿಚಾರ, ಇದಕ್ಕಾಗಿಯೇ ನಾನು ಊರೂರಿಗೆ ಹೋಗಿ ಈ ಮಾತು ಆಡುವುದು.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು ಇಲ್ಲಿ ನೆನೆಯಬೇಕು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದರ ಮುಂದಾಳತ್ವ ವಹಿಸಿದವರು, ಬಹಳ ವರ್ಷ ನಡೆಸಿದವರು. ದೇಶದ ಮೂಲೆಮೂಲೆಯ ಕುಶಲಕರ್ಮಿಗಳನ್ನು ಹುಡುಕಿಕೊಂಡು ಹೋದರು. ಮಾಡುವವರ ಪರವಾಗಿ ಅವರು ಮಾಡಿದ ಕೆಲಸ ದೊಡ್ಡದು. ಕೊಳ್ಳುವವರ ಕಡೆಯ ಕೆಲಸ ಉಳಿದಿದೆ, ಅದನ್ನು ಯಾವ ಮಂಡಳಿಯೂ ಮಾಡಲಾಗದು, ನಾವು ನಮ್ಮ ನಮ್ಮ ಮನೆಯಲ್ಲಿ ಕೂತು ಮಾಡಬೇಕಾದದ್ದು.

ಕಸೂತಿ ಹಿಡಿಸದವರಿಗೆ ಬೇರೆ ದಾರಿಗಳಿವೆ. ಕೌದಿ ಹೊಲಿಯಬಹುದು. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹರವಿ ಸಾದಾ ಓಟದ ಹೊಲಿಗೆ ಹಾಕುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ತರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವು ಕೂಡಿಸುತ್ತಾರೆ, ಆ ಹೂವಿಲ್ಲದ ಕೌದಿ ಅವರಿಗೆ ಬತ್ತಲೆ ಕೌದಿ. ಕೂಸಿಗೆ ಒಂದು ಸಣ್ಣ ಕೌದಿ ಹೊಲಿಯಿರಿ, ಬೆರಳಿಗೆ ಅಂಗುಸ್ತಾನ ಹಾಕಿಕೊಳ್ಳಿ, ನಾಲ್ಕು ಪದರದ ಹತ್ತಿ ಬಟ್ಟೆಯಲ್ಲಿ ಸೂಜಿ ತೂರಿಸುವುದು ಎಂಥ ಕೆಲಸ ಎಂದು ತಿಳಿಯುತ್ತದೆ.

ಬಣ್ಣದ ಕಡೆ ಮನಸ್ಸಿದ್ದರೆ ಹಸೆ ಚಿತ್ತಾರ ಇದೆ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಂಗಸರು ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುವುದು. ಕೆಮ್ಮಣ್ಣು ಬಳಿದ ನೆಲ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ರಟ್ಟಿನ ಮೇಲೆ ಕೆಮ್ಮಣ್ಣು ಬಳಿದು ಒಣಗಿಸಿ, ಪುಂಡಿ ನಾರಿನಿಂದ ಒಂದು ಗೇಣು ಉದ್ದದ ಗೆರೆಯನ್ನು ದಪ್ಪ ಸಣ್ಣ ಆಗದಂತೆ ಎಳೆದು ನೋಡಿ. ಆ ಒಂದು ಗೆರೆಯೇ ಪಾಠ.

ಇನ್ನು ಕೆಲವು ಕೆಲಸಗಳು ಮನೆಯಲ್ಲಿ ಮಾಡುವಂಥವಲ್ಲ. ಬಿದರಿ ಎಂಬ ಲೋಹದ ಕೆಲಸಕ್ಕೆ ಎರಕ, ಬೆಳ್ಳಿ ಕೂರಿಸುವ ಉಳಿ, ಬೀದರ ಕೋಟೆಯ ಮಣ್ಣು ಬೇಕು. ಚನ್ನಪಟ್ಟಣದ ಗೊಂಬೆಗೆ ತಿರುಗಣಿ, ಅರಗು ಬೇಕು. ಅಂಥದ್ದನ್ನು ಮಾಡುವವರ ಹತ್ತಿರ ಹೋಗಿ ಕೂತು ನೋಡುವುದೇ ಒಳ್ಳೆಯದು.

ಕೊನೆಯಲ್ಲಿ ಸಭೆಯಿಂದ ಕೆಲವು ಪ್ರಶ್ನೆಗಳು ಬಂದವು. ಅವುಗಳನ್ನೂ ಇಲ್ಲಿ ಸೇರಿಸಿದ್ದೇನೆ.

ನಿವೃತ್ತರಾದ ಹಿರಿಯರೊಬ್ಬರು ಕೇಳಿದರು, "ಅಲ್ರೀ ಅಕ್ಕಾರ, ಇದು ಹೆಣ್ಮಕ್ಕಳ ಕೆಲಸ ಅಲ್ಲೇನ್ರಿ? ನಮ್ಮಂಥವರಿಗೆ ಬರತದೇನು?" ಕಸೂತಿ ನಮ್ಮಲ್ಲಿ ಹೆಣ್ಣುಮಕ್ಕಳ ಕೈಯಲ್ಲೇ ಬೆಳೆದದ್ದು, ನಿಜ. ಆದರೆ ಆ ಸೀರೆ ನೇಯುವ ಮಗ್ಗದ ಗುಂಡಿಯಲ್ಲಿ ಗಂಡಸರೂ ಕೂರುತ್ತಾರೆ, ಬಟ್ಟೆ ಹೊಲಿಯುವ ದರ್ಜಿಗಳಲ್ಲಿ ಗಂಡಸರೇ ಹೆಚ್ಚು. ನಿಮ್ಮ ಕೈಗೆ ಸೂಜಿ ಒಗ್ಗದಿರಲು ಕಾರಣವೇ ಇಲ್ಲ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರಾದರೆ ಎಣಿಕೆ ನಮಗಿಂತ ನಿಮಗೇ ಬೇಗ ಬರುತ್ತದೆ ಎಂದೆ. ಅವರು ಬಟ್ಟೆಯ ತುಂಡೊಂದನ್ನು ಕೇಳಿ ತೆಗೆದುಕೊಂಡರು.

ಕಣ್ಣು ಮಂಜಾದವರು ಏನು ಮಾಡಬೇಕು ಎಂದು ಇನ್ನೊಬ್ಬರು ಕೇಳಿದರು. ದೊಡ್ಡ ಚೌಕದ ಬಟ್ಟೆ ತೆಗೆದುಕೊಳ್ಳಿ, ಬಿಳಿ ಇಲ್ಲವೇ ಕೆನೆ ಬಣ್ಣದ್ದು, ಮೇಲೆ ಕೆಂಪು ದಾರ. ಕಪ್ಪು ಬಟ್ಟೆ ಮುಟ್ಟಬೇಡಿ, ಅದರ ಎಳೆಗಳು ಹರೆಯದವರ ಕಣ್ಣಿಗೂ ಕಾಣುವುದಿಲ್ಲ. ಕಪ್ಪಿನ ಮೇಲೇ ಹೊಲಿಯಬೇಕೆಂದಿದ್ದರೆ ಮಡಿಲಲ್ಲಿ ಒಂದು ಬಿಳಿ ಬಟ್ಟೆ ಹಾಸಿಕೊಳ್ಳಿ, ತೂತುಗಳಲ್ಲಿ ಬಿಳುಪು ಕಂಡು ಎಣಿಸಲು ಬರುತ್ತದೆ. ಬೆಳಗಿನ ಬೆಳಕಿನಲ್ಲಿ, ಕಿಟಕಿಯ ಪಕ್ಕ ಕೂತು ಹೊಲಿಯಿರಿ. ಅರ್ಧ ತಾಸಿಗೊಮ್ಮೆ ತಲೆಯೆತ್ತಿ ದೂರ ನೋಡಿ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದ್ದು, ಕಲಿತ ಮೇಲೆ ಇನ್‌ಸ್ಟಾಗ್ರಾಮಿನಲ್ಲಿ ಹಾಕಿ ಮಾರಬಹುದೇ ಎಂದು. ಮಾರಬಹುದು, ಏಕೆ ಮಾರಬಾರದು? ಆದರೆ ಬೆಲೆ ಹೇಳುವಾಗ ದಾರ, ಬಟ್ಟೆಯ ಖರ್ಚು ಮಾತ್ರ ಹಿಡಿಯಬೇಡ, ಕೂತ ತಾಸುಗಳನ್ನೂ ಹಿಡಿ ಎಂದೆ. "ನನಗೇನು ಇದು ಹವ್ಯಾಸ, ನೂರು ರೂಪಾಯಿ ಬಂದರೆ ಸಾಕು" ಎಂದು ನೀನು ಕರವಸ್ತ್ರ ಮಾರಿದರೆ, ಅದೇ ಊರಿನಲ್ಲಿ ಅದನ್ನೇ ನಂಬಿ ಬದುಕುವವಳ ಹತ್ತಿರ ಹೋಗಿ ಗಿರಾಕಿ ಅದೇ ನೂರು ರೂಪಾಯಿಗೆ ಕೇಳುತ್ತಾನೆ. ಅವಳಿಗೆ ಬೇರೆ ಸಂಬಳ ಬರುವುದಿಲ್ಲ. ಅಕ್ಕತಂಗಿಯರಿಗೆ, ಗೆಳತಿಯರಿಗೆ ಕೊಡುವುದಿದ್ದರೆ ದುಡ್ಡು ತೆಗೆದುಕೊಳ್ಳದೆ ಪ್ರೀತಿಯಿಂದ ಕೊಡು. ಮಾರುವುದಿದ್ದರೆ ಮೊದಲು ಕಸೂತಿ ಮಾಡಿಯೇ ಬದುಕುವ ಒಬ್ಬರ ಹತ್ತಿರ ಹೋಗಿ, ಒಂದು ತೇರಿಗೆ ಅವರು ಎಷ್ಟು ಕೂಲಿ ತೆಗೆದುಕೊಳ್ಳುತ್ತಾರೆ ಎಂದು ಕೇಳಿಕೊಂಡು ಬಾ. ಅದಕ್ಕಿಂತ ಒಂದು ರೂಪಾಯಿಯೂ ಕಡಿಮೆ ಹೇಳಬೇಡ.